ಸುಟ್ಟ ಗಾಯ ಎಂದು ಬರೆದರೆ ಸಾಲದು

ಕೆಲವು ವರ್ಷಗಳ ಹಿಂದೆ ನಾನೊಂದು ಪಂಚನಾಮೆಗೆ ಸಹಿ ಹಾಕಿದೆ. ಊರಿನ ಹೆಸರು ಬೇಡ. ಮಳೆಗಾಲದ ಬೆಳಗು, ವಿದ್ಯುತ್ ಮಗ್ಗದ ಒಂದು ಶೆಡ್ಡು. ರಾತ್ರಿ ಪಾಳಿಯ ನೇಕಾರನೊಬ್ಬ ಮಗ್ಗದ ಬದಿಗೆ ಬಿದ್ದು ಸತ್ತಿದ್ದ. ಮೈಮೇಲೆ ರಕ್ತವಿಲ್ಲ, ಏಟಿನ ಗುರುತಿಲ್ಲ. ಬಲಗೈಯ ತೋರುಬೆರಳಿನ ತುದಿಯಲ್ಲಿ ಮಾತ್ರ ಜೋಳದ ಕಾಳಿನಷ್ಟು ಒಂದು ಬೂದುಬಣ್ಣದ ಗಟ್ಟಿ ಕಲೆ. ನಡುವೆ ತಗ್ಗು, ಸುತ್ತ ಸಣ್ಣ ಏರಿ. “ಇದೇನು?” ಎಂದು ಒಬ್ಬರು ಕೇಳಿದಾಗ “ನೇಕಾರನ ಕೈ, ಜಡ್ಡು ಇದ್ದೇ ಇರುತ್ತದೆ” ಎಂದು ಹೇಳಿದವನು ನಾನೇ. ಎದೆನೋವು ಬಂದು ಸತ್ತಿರಬೇಕು ಎಂದು ಕಾಗದ ತಯಾರಾಯಿತು. ಮನೆಯವರು ಹೆಣ ಕೊಯ್ಯಿಸುವುದು ಬೇಡವೆಂದರು. ಪಂಚರಾದ ನಾವಿಬ್ಬರೂ ಓದದೆ ಸಹಿ ಹಾಕಿದೆವು. ಸಂಜೆಯೊಳಗೆ ಮಣ್ಣು ಮುಗಿಯಿತು.

ಮುಂದೆ ಒಮ್ಮೆ ಪರಿಚಯದ ವೈದ್ಯರೊಬ್ಬರಿಗೆ ಆ ಕಲೆಯ ವಿವರ ಹೇಳಿದೆ. ಅವರು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಅದು ಜಡ್ಡಲ್ಲ. ವಿದ್ಯುತ್ತು ಮೈಯೊಳಗೆ ಹೊಕ್ಕ ಬಾಗಿಲು ಹಾಗೆ ಇರುತ್ತದೆ” ಎಂದರು. ಅಷ್ಟರಲ್ಲಿ ಶೆಡ್ಡಿನ ಹಳೆಯ ವಾಯರು ಹೋಗಿ ಹೊಸದು ಬಂದಿತ್ತು. ಸತ್ತವನ ಹೆಂಡತಿಗೆ ಸಿಕ್ಕಿದ್ದು ಮಣ್ಣಿನ ಖರ್ಚು ಮಾತ್ರ. ಆ ಸಹಿ ನನ್ನದು. ಅದನ್ನು ಅಳಿಸಲು ಬರುವುದಿಲ್ಲ. ಇನ್ನೊಬ್ಬರು ಅಂಥ ಸಹಿ ಹಾಕದಿರಲಿ ಎಂದು ಈ ಲೇಖನ.

ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲೂಕುಗಳಲ್ಲಿ ದುಡಿಮೆಯೆಂದರೆ ಬೆಂಕಿ, ಹಬೆ ಮತ್ತು ವಿದ್ಯುತ್ತಿನ ಜೊತೆಗಿನ ದುಡಿಮೆ. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರಿನ ಹಬೆ. ಗಾಣದ ಮನೆಯಲ್ಲಿ ಕುದಿಯುವ ಬೆಲ್ಲದ ಪಾಕ. ಬಣ್ಣದ ಮನೆಯಲ್ಲಿ ಬಿಸಿನೀರು ಮತ್ತು ಕಾಸ್ಟಿಕ್ ಸೋಡಾ. ಮಗ್ಗದ ಶೆಡ್ಡಿನಲ್ಲಿ ಮೋಟಾರು. ಪೇಟೆಯ ಖಾನಾವಳಿ, ಭಜಿ ಅಂಗಡಿಗಳಲ್ಲಿ ಕಾದ ಎಣ್ಣೆ. ಹೊಲದಲ್ಲಿ ಮುಂಗಾರು ಮುನ್ನಿನ ಸಿಡಿಲು. ಮನೆಯಲ್ಲಿ ಒಲೆ. ೨೦೧೮ರ ಡಿಸೆಂಬರಿನಲ್ಲಿ ಮುಧೋಳದ ಬಳಿ ಸಕ್ಕರೆ ಕಾರ್ಖಾನೆಯೊಂದರ ಡಿಸ್ಟಿಲರಿ ವಿಭಾಗದಲ್ಲಿ ಸ್ಫೋಟವಾಗಿ ಕೆಲಸಗಾರರು ಪ್ರಾಣ ಕಳೆದುಕೊಂಡದ್ದನ್ನು ನಮ್ಮ ಜನ ಮರೆತಿಲ್ಲ. ಮೊದಲ ಗಂಟೆಗಳಲ್ಲಿ ಊರೂರಿಗೆ ಹಬ್ಬಿದ ಮಾತು “ಬಾಯ್ಲರ್ ಒಡೆಯಿತು” ಎಂಬುದು. ಆಮೇಲೆ ಮಾತು ಕೊಳೆನೀರು ಶುದ್ಧಿಮಾಡುವ ಘಟಕದ ಕಡೆಗೆ ತಿರುಗಿತು. ಹಬೆಯ ಸುಡುವಿಕೆ ಬೇರೆ, ಅನಿಲ ಹತ್ತಿಕೊಂಡ ಸುಡುವಿಕೆ ಬೇರೆ. ಹಬೆಯಾದರೆ ಬಾಯ್ಲರಿನ ತಪಾಸಣೆ ಯಾವಾಗ ಆಗಿತ್ತು ಎಂದು ಕೇಳಬೇಕು. ಅನಿಲವಾದರೆ ಅದು ಎಲ್ಲಿ ಕೂಡಿತು, ಕಿಡಿ ಎಲ್ಲಿಂದ ಬಂತು ಎಂದು ಕೇಳಬೇಕು. ಗಾಯದ ಜಾತಿ ತಿಳಿಯದಿದ್ದರೆ ಪ್ರಶ್ನೆಯೇ ತಪ್ಪು ಬಾಗಿಲಿಗೆ ಹೋಗಿ ನಿಲ್ಲುತ್ತದೆ.

“ಇದು ಡಾಕ್ಟರರ, ಪೊಲೀಸರ ಕೆಲಸ, ನಮಗೇಕೆ?” ಎಂದು ಕೆಲವರು ಕೇಳಬಹುದು. ಕಾನೂನು ಹಾಗೆ ಹೇಳುವುದಿಲ್ಲ. ಅಸಹಜ ಸಾವಾದಾಗ ನೆರೆಯ ಇಬ್ಬರು ಅಥವಾ ಹೆಚ್ಚು ಜನ ಗೌರವಸ್ಥರ ಎದುರಿಗೇ ಪೊಲೀಸ್ ಅಧಿಕಾರಿ ಹೆಣವನ್ನು ನೋಡಿ, ಮೈಮೇಲಿನ ಗುರುತುಗಳನ್ನೂ ತೋರುವ ಕಾರಣವನ್ನೂ ಬರೆಯಬೇಕು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ೧೭೪ನೇ ಕಲಮು ಹೀಗೆ ಹೇಳುತ್ತಿತ್ತು. ೨೦೨೪ರ ಜುಲೈ ೧ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೯೪ನೇ ಕಲಮು ಹೀಗೆಯೇ ಹೇಳುತ್ತದೆ. ಇನ್ನೊಂದು ಮಾತು ಅದೇ ಕಲಮಿನಲ್ಲಿದೆ. ಅದನ್ನು ನಮ್ಮಲ್ಲಿ ಯಾರೂ ಯಾರಿಗೂ ಹೇಳುವುದಿಲ್ಲ. ವರದಿಗೆ ಸಹಿ ಮಾಡಬೇಕಾದವರು ಅದನ್ನು ಒಪ್ಪಿದವರು ಮಾತ್ರ. ಅಂದರೆ ಪಂಚನು ಹೆಬ್ಬೆಟ್ಟು ಒತ್ತುವ ಯಂತ್ರವಲ್ಲ. ಅವನು ನೋಡಬೇಕು, ಕೇಳಬೇಕು, ಒಪ್ಪದಿದ್ದರೆ ಸಹಿ ಮಾಡದಿರಬೇಕು. ಕಿರಾಣಿ ಅಂಗಡಿಯವರು, ಚಹದಂಗಡಿಯವರು, ಪಕ್ಕದ ಮಗ್ಗದವರು—ಪಂಚರಾಗಿ ಕರೆಯಲ್ಪಡುವವರು ನಾವೇ. ಹಾಗಾದರೆ ನೋಡುವುದು ಹೇಗೆಂದು ಕಲಿಯಬೇಕಾದವರೂ ನಾವೇ.

ಸುಟ್ಟ ಗಾಯವೆಂದರೆ ಒಂದೇ ಬಗೆಯದಲ್ಲ. ಒಂದೊಂದನ್ನಾಗಿ ನೋಡೋಣ.

ಮೊದಲನೆಯದು ಉರಿಯ ಸುಡುವಿಕೆ. ಉರಿ ತಾಗಿದಲ್ಲಿ ಕೂದಲು ಸುರುಟಿ ಕರಕಾಗುತ್ತದೆ, ಮಸಿ ಹತ್ತುತ್ತದೆ, ಬಟ್ಟೆ ಸುಟ್ಟು ಮೈಗೆ ಅಂಟುತ್ತದೆ. ಉರಿ ಮೇಲಕ್ಕೆ ಏರುತ್ತದೆ; ಆದುದರಿಂದ ಗಾಯವೂ ಕೆಳಗಿನಿಂದ ಮೇಲಕ್ಕೆ ಹೋಗಿರುತ್ತದೆ. ಬಿಗಿಯಾದ ಬಟ್ಟೆಯ ಕೆಳಗೆ, ಸೊಂಟಪಟ್ಟಿಯ ಕೆಳಗೆ, ಕಂಕುಳಲ್ಲಿ ಚರ್ಮ ಉಳಿದಿರುವುದುಂಟು. ಕಾದ ಕಬ್ಬಿಣ ತಾಗಿದ ಗಾಯವಾದರೆ ಆ ಕಬ್ಬಿಣದ ಆಕಾರವೇ ಚರ್ಮದ ಮೇಲೆ ಮೂಡಿರುತ್ತದೆ. ಅನಿಲ ಒಮ್ಮೆಲೇ ಹೊತ್ತಿಕೊಂಡದ್ದಾದರೆ ಮುಖ, ಕತ್ತು, ಕೈಗಳು—ತೆರೆದಿದ್ದ ಜಾಗವೆಲ್ಲ ಒಂದೇ ಸಮನೆ ಸುಟ್ಟು, ಬಟ್ಟೆಯ ಅಂಚಿಗೆ ಗೆರೆ ಎಳೆದಂತೆ ನಿಂತಿರುತ್ತದೆ.

ಎರಡನೆಯದು ಬೇಯುವಿಕೆ: ಬಿಸಿನೀರು, ಹಬೆ, ಪಾಕ, ಎಣ್ಣೆ. ಬಿಸಿನೀರಿನಲ್ಲಿ ಬೆಂದ ಮೈಗೆ ಮಸಿಯಿಲ್ಲ, ಕೂದಲು ಸುರುಟಿರುವುದಿಲ್ಲ. ಚರ್ಮ ಕೆಂಪಾಗಿ, ಬೊಬ್ಬೆ ಎದ್ದು, ತೇವವಾಗಿರುತ್ತದೆ. ನೀರು ಹರಿದ ದಾರಿ ಗೆರೆಯಾಗಿ ಕೆಳಗಿಳಿದಿರುತ್ತದೆ. ನೀರು ಕುದಿಯಲೇಬೇಕೆಂದಿಲ್ಲ, ೬೦ ಡಿಗ್ರಿ ಬಿಸಿಯ ನೀರಿನಲ್ಲಿ ಸುಮಾರು ೫ ಸೆಕೆಂಡು ಸಾಕು, ದೊಡ್ಡವರ ಚರ್ಮವೂ ಆಳದವರೆಗೆ ಸತ್ತುಹೋಗುತ್ತದೆ. ಕಾಲು ಜಾರಿ ಬಣ್ಣದ ಹೊಂಡಕ್ಕೆ ಬಿದ್ದವನ ಗಾಯ ಚೆಲ್ಲಾಪಿಲ್ಲಿಯಾಗಿರುತ್ತದೆ, ಏಕೆಂದರೆ ಅವನು ಒದ್ದಾಡುತ್ತಾನೆ. ಹಿಡಿದು ಅದ್ದಿದ ಮಗುವಿನ ಕಾಲಿಗಾದರೆ ಕಾಲುಚೀಲ ತೊಟ್ಟಂತೆ ಒಂದೇ ನೇರ ಗೆರೆ ಇರುತ್ತದೆ. ಇನ್ನು ಬೆಲ್ಲದ ಪಾಕ. ಅದು ಇಳಿಸುವ ಹೊತ್ತಿಗೆ ೧೧೫ರಿಂದ ೧೨೦ ಡಿಗ್ರಿಯವರೆಗೆ ಕಾದಿರುತ್ತದೆ, ಮೇಲಾಗಿ ಮೈಗೆ ಅಂಟುತ್ತದೆ. ನೀರಿನಂತೆ ಜಾರಿ ಹೋಗುವುದಿಲ್ಲ. ಅಂಟಿದಲ್ಲೇ ನಿಂತು ಸುಡುತ್ತದೆ. ಕಾದ ಎಣ್ಣೆಯದೂ ಹೆಚ್ಚುಕಡಿಮೆ ಇದೇ ಕಥೆ. ಹಬೆ ಹೊರಗಿನ ಚರ್ಮವನ್ನಲ್ಲದೆ ಉಸಿರಿನ ದಾರಿಯನ್ನೂ ಬೇಯಿಸಬಲ್ಲದು. ಹೊರಗೆ ಗಾಯ ಸಣ್ಣದಿದ್ದರೂ ಧ್ವನಿ ಗೊಗ್ಗರಾಗಿದ್ದರೆ ಅವನನ್ನು ಮನೆಗೆ ಕಳಿಸಬಾರದು.

ಮೂರನೆಯದು ರಾಸಾಯನಿಕದ ಸುಡುವಿಕೆ. ಆಮ್ಲ ಬಿದ್ದಲ್ಲಿ ಚರ್ಮ ಒಣಗಿ ಗಟ್ಟಿಯಾಗುತ್ತದೆ. ಗಂಧಕಾಮ್ಲ ಕಂದು-ಕಪ್ಪು ಬಣ್ಣ ಬಿಡುತ್ತದೆ, ನೈಟ್ರಿಕ್ ಆಮ್ಲ ಹಳದಿ ಬಣ್ಣ ಬಿಡುತ್ತದೆ. ಕಾಸ್ಟಿಕ್ ಸೋಡಾದಂಥ ಕ್ಷಾರ ಬಿದ್ದಲ್ಲಿ ಚರ್ಮ ಸಾಬೂನಿನಂತೆ ಜಾರುಜಾರಾಗಿ ಮೆತ್ತಗಾಗುತ್ತದೆ. ಅದು ಮೇಲೆ ಕಂಡಷ್ಟಕ್ಕೆ ನಿಲ್ಲದೆ ಒಳಗೊಳಗೆ ಇಳಿಯುತ್ತಲೇ ಹೋಗುತ್ತದೆ. ಎರಡರಲ್ಲೂ ಕೂದಲು ಕರಕಾಗಿರುವುದಿಲ್ಲ, ಮಸಿಯಿಲ್ಲ, ಬೊಬ್ಬೆಯೂ ಸಾಮಾನ್ಯವಾಗಿ ಇಲ್ಲ. ಬಟ್ಟೆಯಲ್ಲಿ ತೂತು, ಕಲೆ, ಮೈಮೇಲೆ ಹರಿದ ಗೆರೆ ಉಳಿದಿರುತ್ತವೆ. ಬಣ್ಣದ ಮನೆಯ ಹುಡುಗನಿಗೆ “ಬಿಸಿನೀರು ಬಿತ್ತು” ಎಂದು ಬರೆಸಿದರೆ ಅದು ಅವನ ಅಜಾಗ್ರತೆಯಾಗುತ್ತದೆ. “ಕಾಸ್ಟಿಕ್ ಬಿತ್ತು” ಎಂದು ಬರೆಸಿದರೆ ಕೈಗವಸು, ಬೂಟು, ಕನ್ನಡಕ ಏಕೆ ಕೊಟ್ಟಿರಲಿಲ್ಲ ಎಂಬ ಪ್ರಶ್ನೆ ಹುಟ್ಟುತ್ತದೆ. ಒಂದು ಶಬ್ದದ ಅಂತರ ಇಷ್ಟು.

ನಾಲ್ಕನೆಯದು ವಿದ್ಯುತ್ತು, ನಾನು ಎಡವಿದ್ದು ಇಲ್ಲಿ. ಮನೆ-ಮಗ್ಗಗಳ ವಿದ್ಯುತ್ತು ಹೆಚ್ಚಾಗಿ ಮೈ ಸುಡುವುದಿಲ್ಲ. ಹೃದಯದ ತಾಳ ತಪ್ಪಿಸಿ ಕೊಲ್ಲುತ್ತದೆ. ಹೊಕ್ಕ ಜಾಗದಲ್ಲಿ ಸಣ್ಣ, ಗಟ್ಟಿ, ಬಿಳಿ ಅಥವಾ ಬೂದುಬಣ್ಣದ ತಗ್ಗು, ಸುತ್ತ ಎತ್ತರದ ಅಂಚು. ಕೆಲವೊಮ್ಮೆ ಅಂಗಾಲಿನಲ್ಲೋ ಮತ್ತೊಂದು ಕೈಯಲ್ಲೋ ಹೊರಬಿದ್ದ ಗುರುತು. ಕೈ ಒದ್ದೆಯಾಗಿದ್ದರೆ ಗುರುತೇ ಇಲ್ಲದಿರಬಹುದು. ಆದ್ದರಿಂದ ಗುರುತಿಲ್ಲವೆಂದರೆ ವಿದ್ಯುತ್ತಲ್ಲ ಎಂದು ತೀರ್ಮಾನಿಸಬಾರದು. ಮೋಟಾರು, ವಾಯರು, ನೆಲದ ತೇವ ಇವನ್ನೆಲ್ಲ ನೋಡಬೇಕು. ಸಂಶಯದ ಕಲೆಯ ಚರ್ಮದ ತುಣುಕನ್ನು ಸೂಕ್ಷ್ಮದರ್ಶಕದ ಕೆಳಗೆ ಪರೀಕ್ಷಿಸಲು ಬರುತ್ತದೆ. ವಾಯರಿನ ಲೋಹದ ಕಣಗಳೂ ಅದರಲ್ಲಿ ಸಿಕ್ಕಬಹುದು. ಅದಕ್ಕೆ ಮೊದಲು ಯಾರಾದರೊಬ್ಬರು ಆ ಕಲೆಯನ್ನು ಕಂಡು, ಕಾಗದದಲ್ಲಿ ಬರೆಸಬೇಕು. ದೊಡ್ಡ ಲೈನಿನ ವಿದ್ಯುತ್ತಾದರೆ ಮುಟ್ಟದೆಯೂ ಕಿಡಿ ಹಾರಿ ಸುಡುತ್ತದೆ. ಮೈತುಂಬ ಚಿಕ್ಕಚಿಕ್ಕ ಸುಟ್ಟ ಕಲೆಗಳು ಮೊಸಳೆಯ ಚರ್ಮದಂತೆ ಕಾಣುತ್ತವೆ.

ಐದನೆಯದು ಸಿಡಿಲು. ಸಿಡಿಲು ಬಡಿದವರ ಮೈಮೇಲೆ ಕೆಲವೊಮ್ಮೆ ಜರಿಗಿಡದ ಎಲೆ ಬಿಡಿಸಿದಂತೆ ಕವಲುಕವಲಾದ ಕೆಂಪು ಗೆರೆಗಳು ಏಳುತ್ತವೆ. ಒಂದೆರಡು ದಿನದಲ್ಲಿ ಅವು ಮಾಯವಾಗುತ್ತವೆ. ಬಟ್ಟೆ ಹರಿದಿರುತ್ತದೆ, ಚಪ್ಪಲಿ ಸೀಳಿರಬಹುದು, ಮೈಮೇಲಿನ ಲೋಹ ಕರಗಿರಬಹುದು. ಗಾಳಿಮಳೆಯ ಸಂಜೆ ಸಿಡಿಲೂ ಹೊಡೆಯುತ್ತದೆ, ತಂತಿಯೂ ಹರಿದು ಬೀಳುತ್ತದೆ. ಸಿಡಿಲಿನ ಸಾವಾದರೆ ಕುಟುಂಬ ತಹಶೀಲ್ದಾರರ ಕಚೇರಿಗೆ ಹೋಗಬೇಕು. ತಂತಿಯ ಸಾವಾದರೆ ವಿದ್ಯುತ್ ಕಂಪನಿ ಉತ್ತರ ಹೇಳಬೇಕು. ಹರಿದುಬಿದ್ದ ಜೀವಂತ ತಂತಿಯಿಂದ ಸಾವಾದಾಗ, ಅಜಾಗ್ರತೆ ಸಾಬೀತಾಗದಿದ್ದರೂ ವಿದ್ಯುತ್ ಪೂರೈಸುವವರೇ ಹೊಣೆ ಎಂದು ಸುಪ್ರೀಂ ಕೋರ್ಟು ೨೦೦೨ರಲ್ಲಿ ಮಧ್ಯಪ್ರದೇಶದ ಒಂದು ಪ್ರಕರಣದಲ್ಲಿ ಹೇಳಿದೆ. ಹೊಲದಲ್ಲಿ ಬಿದ್ದ ಹೆಣಕ್ಕೆ “ಸಿಡಿಲು” ಎಂದು ಬರೆಯುವ ಮೊದಲು ತಲೆಯ ಮೇಲೆ ತಂತಿ ಇದೆಯೇ, ಅದು ಹರಿದಿದೆಯೇ ಎಂದು ಪಂಚರು ಕತ್ತೆತ್ತಿ ನೋಡಲಿ.

ಗಾಯದ ಬಗೆಯ ನಂತರ ಇನ್ನೊಂದು ದೊಡ್ಡ ಪ್ರಶ್ನೆ: ಬೆಂಕಿ ಹತ್ತಿದಾಗ ಆ ಜೀವ ಉಸಿರಾಡುತ್ತಿತ್ತೇ? ಇದನ್ನು ವೈದ್ಯರು ಶ್ವಾಸನಾಳ ತೆರೆದು ಹೇಳಬಲ್ಲರು. ಬದುಕಿದ್ದವರು ಹೊಗೆ ಕುಡಿಯುತ್ತಾರೆ. ಗಂಟಲಿನ ಕೆಳಗೂ ಮಸಿ ಇಳಿದಿರುತ್ತದೆ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತಕ್ಕೆ ಸೇರಿ ಅದನ್ನು ಗಾಢ ಕೆಂಪಾಗಿಸುತ್ತದೆ; ಪ್ರಯೋಗಾಲಯದಲ್ಲಿ ಅದನ್ನು ಅಳೆಯಬಹುದು. ಬದುಕಿದ್ದಾಗಿನ ಗಾಯದ ಸುತ್ತ ಕೆಂಪು ಗೆರೆ ಇರುತ್ತದೆ. ಮೊದಲು ಕೊಂದು ಆಮೇಲೆ ಸುಟ್ಟಿದ್ದರೆ ಇವು ಇರುವುದಿಲ್ಲ. ಸ್ಫೋಟದಲ್ಲಿ ಕ್ಷಣದಲ್ಲೇ ಸತ್ತವರಲ್ಲಿಯೂ ಮಸಿ ಇಲ್ಲದಿರಬಹುದು ಎಂಬ ಎಚ್ಚರವೂ ಬೇಕು.

ಇದರ ಇನ್ನೊಂದು ಮಗ್ಗುಲನ್ನೂ ಹೇಳಲೇಬೇಕು. ಪೂರ್ತಿ ಸುಟ್ಟ ಹೆಣ ಮುಷ್ಟಿ ಬಿಗಿದು, ಮೊಣಕೈ ಮಡಚಿ ಕುಸ್ತಿಗೆ ನಿಂತ ಪೈಲವಾನನಂತೆ ಕಾಣುತ್ತದೆ. “ಬಡಿದಾಡಿಕೊಂಡೇ ಸತ್ತಿದ್ದಾನೆ” ಎಂದು ನೆರೆದ ಜನ ಕೂಗುತ್ತಾರೆ. ಅದು ಬಡಿದಾಟವಲ್ಲ, ಕಾವಿಗೆ ಸ್ನಾಯು ಗಡುಸಾಗಿ ಎಳೆದುಕೊಂಡದ್ದು, ಸತ್ತ ಮೇಲೆ ಸುಟ್ಟರೂ ಹಾಗೇ ಆಗುತ್ತದೆ. ಕಾವಿಗೆ ಚರ್ಮ ಸೀಳಿದರೆ ಕತ್ತಿಯ ಗಾಯದಂತೆ ಕಾಣುತ್ತದೆ. ತಲೆಬುರುಡೆಯೊಳಗೆ ಕಾವಿನಿಂದಲೇ ಕಂದುಬಣ್ಣದ ರಕ್ತದ ಗಡ್ಡೆ ಕಟ್ಟುವುದುಂಟು. ತಲೆಗೆ ಹೊಡೆದಿದ್ದಾರೆಂದು ಅದನ್ನು ತಪ್ಪು ತಿಳಿಯಬಹುದು. ಅಪರಾಧಿಯನ್ನು ಹಿಡಿಯುವ ಇದೇ ವಿದ್ಯೆ ನಿರಪರಾಧಿಯನ್ನು ಉಳಿಸಲೂ ಬೇಕು. ಗುಂಪಿನ ಕೂಗಿನಿಂದ ನ್ಯಾಯ ಹುಟ್ಟುವುದಿಲ್ಲ.

ಈಗ ಅಡಿಗೆಮನೆಗೆ ಬರೋಣ. ಗಂಡಸರು ಕಾರ್ಖಾನೆಯಲ್ಲಿ ಸುಟ್ಟರೆ ಊರಿಗೆ ಸುದ್ದಿಯಾಗುತ್ತದೆ. ಹೆಂಗಸರು ಮನೆಯಲ್ಲಿ ಸುಟ್ಟರೆ “ಸ್ಟೋವ್ ಸಿಡಿಯಿತು” ಎಂಬ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ೧೯೯೭ರ ಒಂದೇ ವರ್ಷದಲ್ಲಿ ಹೆಂಗಸರ ಅಸಹಜ ಸಾವುಗಳೆಂದು ದಾಖಲಾದವು ೧,೧೩೩. ಅವುಗಳಲ್ಲಿ ಕೊಲೆಯೆಂದು ನೋಡಲಾದದ್ದು ೧೫೭ ಮಾತ್ರ. ೫೪೬ ಆತ್ಮಹತ್ಯೆಯೆಂದೂ ೪೩೦ ಅಪಘಾತವೆಂದೂ ಬರೆಯಲಾಯಿತು. ‘ವಿಮೋಚನಾ’ ಎಂಬ ಹೆಂಗಸರ ಸಂಘಟನೆ ಆಗ ಈ ಕಾಗದಗಳ ಬೆನ್ನುಹತ್ತಿ, ಅಡಿಗೆಮನೆಯ ಅಪಘಾತವೆಂದು ಮುಚ್ಚಿದ ಪ್ರಕರಣಗಳ ಬಗ್ಗೆ ಬಹಿರಂಗವಾಗಿ ಪ್ರಶ್ನೆ ಎತ್ತಿತು. ಇಡೀ ದೇಶದ ಲೆಕ್ಕ ಇನ್ನೂ ಘೋರ. ೨೦೦೧ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು ೧,೬೩,೦೦೦. ಅವರಲ್ಲಿ ಸುಮಾರು ೧,೦೬,೦೦೦ ಹೆಂಗಸರು, ಅದರಲ್ಲೂ ಹೆಚ್ಚಿನವರು ೧೫ರಿಂದ ೩೪ ವಯಸ್ಸಿನೊಳಗಿನವರು ಎಂದು ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ೨೦೦೯ರಲ್ಲಿ ಬಂದ ಅಧ್ಯಯನ ಅಂದಾಜು ಮಾಡಿತು. ಒಲೆಗೆ ವಯಸ್ಸು ಗೊತ್ತಿರುತ್ತದೆಯೇ? ಅತ್ತೆಯೂ ಅದೇ ಒಲೆಯ ಮುಂದೆ ಕೂಡುತ್ತಾಳೆ. ಸೊಸೆಯನ್ನೇ ಹುಡುಕಿ ಹಿಡಿಯುವ ಒಲೆ ಎಂಥದು?

ಇಲ್ಲಿಯೂ ಗಾಯವೇ ಮಾತಾಡಬೇಕು. ಒಲೆಯ ಮುಂದೆ ಸೆರಗಿಗೆ ಉರಿ ತಾಗಿದರೆ ಸಾಮಾನ್ಯವಾಗಿ ತೊಡೆ, ಹೊಟ್ಟೆ, ಎದೆಯ ಮುಂಭಾಗ ಸುಡುತ್ತದೆ. ಆರಿಸಲು ಹೋದ ಕೈಗಳು ಸುಡುತ್ತವೆ. ಎಣ್ಣೆ ತಲೆಯಿಂದ ಸುರಿದಿದ್ದರೆ ನೆತ್ತಿಯ ಕೂದಲಲ್ಲಿ ವಾಸನೆ ನಿಂತಿರುತ್ತದೆ. ತಲೆ, ಹೆಗಲು, ಬೆನ್ನು ಹೆಚ್ಚು ಸುಟ್ಟಿರುತ್ತವೆ. ಸ್ಟೋವ್ ಸಿಡಿಯಿತೆಂದರೆ ಸಿಡಿದ ಸ್ಟೋವ್ ಎಲ್ಲಿ? ಅದು ಇಡಿಯಾಗಿದೆಯೇ? ಗ್ಯಾಸ್ ಎಂದರೆ ನಳಿಕೆ, ರೆಗ್ಯುಲೇಟರು ಹೇಗಿವೆ? ಒಲೆಯ ಮೇಲೆ ಪಾತ್ರೆ ಇತ್ತೇ? ಗೋಡೆಗೆ ಮಸಿ ಹತ್ತಿದೆಯೇ? ಬಾಗಿಲ ಚಿಲಕ ಒಳಗಿತ್ತೇ, ಹೊರಗಿತ್ತೇ? ಆದರೆ ಒಂದೇ ಗುರುತಿನ ಮೇಲೆ ತೀರ್ಪು ಕೊಡಬಾರದು. ತಲೆಯ ಮೇಲೆ ಎಣ್ಣೆ ಬಿದ್ದಿತ್ತು ಎಂದಷ್ಟೇ ಗಾಯ ಹೇಳುತ್ತದೆ. ಸುರಿದ ಕೈ ಯಾರದೆಂದು ಹೇಳುವುದಿಲ್ಲ. ಅದನ್ನು ಉಳಿದ ಸಾಕ್ಷಿ ಹೇಳಬೇಕು.

ಲಗ್ನವಾಗಿ ೭ ವರ್ಷದೊಳಗೆ ಹೆಣ್ಣುಮಗಳು ಹೀಗೆ ಸತ್ತರೆ ತಹಶೀಲ್ದಾರರಂಥ ಕಾರ್ಯನಿರ್ವಾಹಕ ದಂಡಾಧಿಕಾರಿಯಿಂದ ವಿಚಾರಣೆ, ಮತ್ತು ಮರಣೋತ್ತರ ಪರೀಕ್ಷೆ ಆಗಬೇಕು. “ಹಿರಿಯರು ಕೂತು ಬಗೆಹರಿಸಿದ್ದಾರೆ” ಎಂಬ ಕಾರಣಕ್ಕೆ ಇದು ತಪ್ಪುವುದಿಲ್ಲ. ವರದಕ್ಷಿಣೆ ಸಾವಿನ ಕಲಮು ೧೯೮೬ರಲ್ಲಿ ದಂಡಸಂಹಿತೆಗೆ ಸೇರಿತು; ಈಗ ಭಾರತೀಯ ನ್ಯಾಯ ಸಂಹಿತೆಯ ೮೦ನೇ ಕಲಮಾಗಿದೆ. ಸಾವಿನ ಕಾರಣಗಳನ್ನು ಹೇಳುವಾಗ ಆ ಕಲಮು ಮೊದಲು ಹೆಸರಿಸುವುದೇ ಸುಟ್ಟಗಾಯವನ್ನು. ಕಾನೂನು ಮಾಡಿದವರಿಗೆ ಗೊತ್ತಿದ್ದ ಸಂಗತಿಯನ್ನು ಓಣಿಯವರು ಗೊತ್ತಿಲ್ಲದಂತೆ ನಟಿಸುವುದು ನ್ಯಾಯವೇ?

ಸುಟ್ಟವರು ಎಷ್ಟೋ ಸಲ ಮೊದಲ ಗಂಟೆಗಳಲ್ಲಿ ಚೆನ್ನಾಗಿ ಮಾತಾಡುತ್ತಾರೆ. ಆಳವಾಗಿ ಸುಟ್ಟಲ್ಲಿ ನರವೇ ಸತ್ತಿರುವುದರಿಂದ ನೋವು ಕೂಡ ಕಡಿಮೆ ಕಾಣಬಹುದು. “ಮಾತಾಡುತ್ತಿದ್ದಾಳೆ, ಉಳಿಯುತ್ತಾಳೆ” ಎಂದು ಮನೆಯವರು ಸಮಾಧಾನಪಡುತ್ತಾರೆ. ಮೂರನೆಯ ದಿನ ಎಲ್ಲ ಮುಗಿದಿರುತ್ತದೆ. ಆ ಮೊದಲ ಗಂಟೆಗಳ ಮಾತೇ ಮರಣ ಹೇಳಿಕೆ. ಅದು ನಂಬತಕ್ಕದ್ದಾದರೆ ಅದೊಂದರ ಮೇಲೆಯೇ ಶಿಕ್ಷೆ ಕೊಡಬಹುದೆಂದು ಸುಪ್ರೀಂ ಕೋರ್ಟು ೧೯೫೭ರಲ್ಲಿ, ಆಗಿನ ಮುಂಬಯಿ ರಾಜ್ಯದ ನಾಗಪುರದ ಪ್ರಕರಣದಲ್ಲಿ ಹೇಳಿತು. ಹೇಳಿಕೆ ಬರೆದುಕೊಂಡ ದಂಡಾಧಿಕಾರಿಗೆ ರೋಗಿಯ ಬುದ್ಧಿ ನೆಟ್ಟಗಿದೆಯೆಂದು ಖಾತ್ರಿಯಾಗಿದ್ದರೆ, ಡಾಕ್ಟರರ ಸರ್ಟಿಫಿಕೇಟು ಇಲ್ಲವೆಂಬುದೊಂದೇ ಕಾರಣಕ್ಕೆ ಅದನ್ನು ತಳ್ಳಿಹಾಕಬಾರದೆಂದು ೨೦೦೨ರಲ್ಲಿ ಸಂವಿಧಾನ ಪೀಠ ಹೇಳಿತು. ಆದುದರಿಂದ ದವಾಖಾನೆಗೆ ಸೇರಿಸಿದ ತಕ್ಷಣ ದಂಡಾಧಿಕಾರಿಯನ್ನು ಕರೆಸಿರೆಂದು ಕೇಳಬೇಕು. ಹೇಳಿಕೆಯ ಹೊತ್ತಿನಲ್ಲಿ ಗಂಡನ ಮನೆಯವರೂ ತವರಿನವರೂ ಹಾಸಿಗೆಯ ಬಳಿ ಇರಬಾರದು.

ಕೆಲಸಗಾರರು ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಬೇಕು. ಶೆಡ್ಡಿನಲ್ಲೋ ಗಿರಣಿಯಲ್ಲೋ ಅನಾಹುತವಾದಾಗ ಮಾಲಕರ ಮೊದಲ ಉತ್ತರ “ಅವನು ಕುಡಿದಿದ್ದ” ಅಥವಾ “ಹೇಳಿದ ಮಾತು ಕೇಳಲಿಲ್ಲ” ಎಂಬುದು. ೧೯೨೩ರ ಪರಿಹಾರ ಕಾಯ್ದೆಯಿಂದ ನಡೆದು ಬಂದು ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿರುವ ನಿಯಮವೇನೆಂದರೆ, ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದಾಗ ಈ ನೆಪಗಳು ನಡೆಯುವುದಿಲ್ಲ. ಅನಾಹುತ ಕೆಲಸದಿಂದ, ಕೆಲಸದ ಹೊತ್ತಿನಲ್ಲಿ ಆಯಿತೆಂದು ತೋರಿಸಿದರೆ ಸಾಕು. ಅದನ್ನು ತೋರಿಸುವುದು ಯಾವುದು? ಗಾಯ. ಬೆರಳಿನ ಆ ಬೂದು ಕಲೆ ಕಾಗದಕ್ಕೆ ಬಂದಿದ್ದರೆ ಅದು ಕೆಲಸದ ಸಾವು. ಬಾರದಿದ್ದರೆ ಅದು ದೇವರು ಕೊಟ್ಟ ಸಾವು, ಯಾರೂ ಹೊಣೆಯಲ್ಲ.

ಪೇಟೆಯ ವ್ಯಾಪಾರಿಗಳಿಗೂ ಒಂದು ಮಾತು. ಆಮ್ಲವನ್ನು ಸಾಬೂನು, ಬೆಂಕಿಪೆಟ್ಟಿಗೆಯಂತೆ ಬಿಡುಬೀಸಾಗಿ ಮಾರಲು ೨೦೧೩ರ ಸುಪ್ರೀಂ ಕೋರ್ಟಿನ ಆಜ್ಞೆಯ ನಂತರ ಬರುವುದಿಲ್ಲ. ಕೊಳ್ಳುವವರ ಹೆಸರು, ವಿಳಾಸ, ಪ್ರಮಾಣ ಬರೆಯುವ ಪುಸ್ತಕವಿರಬೇಕು, ಫೋಟೋ ಇರುವ ಗುರುತಿನ ಚೀಟಿ ನೋಡಬೇಕು, ಏತಕ್ಕೆಂದು ಕೇಳಬೇಕು, ೧೮ ತುಂಬದವರಿಗೆ ಕೊಡಲೇಬಾರದು. ಆಮ್ಲ ಎರಚಿದವರಿಗೆ ೧೦ ವರ್ಷದಿಂದ ಆಜೀವದವರೆಗೆ ಶಿಕ್ಷೆಯುಂಟು. ಎರಚಿದವನು ಸಿಕ್ಕಿಬೀಳುವುದು ಎಷ್ಟೋ ಸಲ ಅಂಗಡಿಯ ಆ ಪುಸ್ತಕದಿಂದಲೇ. ಪುಸ್ತಕ ಬರೆಯದ ವ್ಯಾಪಾರಿ ತಾನು ಆ ಪಾಪದಲ್ಲಿ ಪಾಲುದಾರನಲ್ಲವೆಂದು ಯಾವ ಮುಖದಿಂದ ಹೇಳಿಯಾನು?

ಹಾಗಾದರೆ ನಾವು ಮಾಡಬೇಕಾದ್ದೇನು? ಮೊದಲು ಜೀವ, ಆಮೇಲೆ ಸಾಕ್ಷಿ. ಸುಟ್ಟ ಜಾಗದ ಮೇಲೆ ತಣ್ಣನೆಯ ಹರಿಯುವ ನೀರು, ಸುಮಾರು ೨೦ ನಿಮಿಷ. ಆಮ್ಲ, ಕ್ಷಾರ ಬಿದ್ದರೆ ಅದಕ್ಕಿಂತ ಹೆಚ್ಚು ಹೊತ್ತು. ವಿದ್ಯುತ್ತಾದರೆ ಮೊದಲು ಸ್ವಿಚ್ಚು ತೆಗೆಯಬೇಕು, ಆಮೇಲೆ ಮುಟ್ಟಬೇಕು. ಶಾಯಿ, ಟೂತ್‌ಪೇಸ್ಟು, ಅರಿಷಿಣ ಬಳಿಯಬಾರದು. ಅವುಗಳಿಂದ ಗುಣವೂ ಇಲ್ಲ, ಗಾಯದ ಬಣ್ಣ ಮುಚ್ಚಿ ವೈದ್ಯರ ಕಣ್ಣು ಕಟ್ಟಿದಂತೆಯೂ ಆಗುತ್ತದೆ. ಬಟ್ಟೆ ಒಗೆಯಬಾರದು, ಎಸೆಯಬಾರದು. ಎಣ್ಣೆ ವಾಸನೆಯ ಬಟ್ಟೆಯನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲೋ ಗಾಜಿನ ಭರಣಿಯಲ್ಲೋ ಇಡುವಂತೆ ಪೊಲೀಸರಿಗೆ ಹೇಳಬೇಕು. ತೆಳು ಪ್ಲಾಸ್ಟಿಕ್ ಚೀಲದಿಂದ ವಾಸನೆ ಹಾರಿಹೋಗುತ್ತದೆ. ಪಂಚನಾಮೆ ಮುಗಿಯುವವರೆಗೆ ಮೋಟಾರು, ವಾಯರು, ಸ್ಟೋವ್ ಇದ್ದಂತೆಯೇ ಇರಲಿ. ಫೋಟೋ ತೆಗೆದಿಡಿ, ಅಂಗೈ ಅಂಗಾಲು ಬಿಡಬೇಡಿ. ಸಂಶಯವಿದ್ದಲ್ಲಿ ಹೆಣ ಕೊಯ್ಯಿಸುವುದಕ್ಕೆ ಹೆದರಬೇಡಿ. ಬೆಂಕಿಯಲ್ಲಿ ಸತ್ತವರನ್ನು ಪರೀಕ್ಷೆಯಿಲ್ಲದೆ ಬೆಂಕಿಗೇ ಕೊಟ್ಟರೆ ಸಾಕ್ಷಿಯನ್ನು ಇನ್ನೊಮ್ಮೆ ಸುಟ್ಟಂತೆ.

ಸರಕಾರದ ಬಳಿ ಕೇಳಬೇಕಾದದ್ದೂ ಇದೆ. ಗಾಯದ ಪ್ರಮಾಣಪತ್ರದಲ್ಲಿ “ಸುಟ್ಟ ಗಾಯ, ಶೇಕಡಾ ಇಷ್ಟು” ಎಂದು ಬರೆದು ಕೈತೊಳೆದುಕೊಳ್ಳುವುದು ನಿಲ್ಲಬೇಕು. ಉರಿಯೇ, ಬಿಸಿನೀರೇ, ರಾಸಾಯನಿಕವೇ, ವಿದ್ಯುತ್ತೇ. ಮೈಯ ಯಾವ ಭಾಗ, ಎಷ್ಟು ಆಳ. ಎಲ್ಲಿ ಉಳಿದಿದೆ—ಇಷ್ಟನ್ನು ಬರೆಯಬೇಕು. ನಮ್ಮ ತಾಲೂಕು ದವಾಖಾನೆಗಳ ವೈದ್ಯರಿಗೆ ಇದರ ತರಬೇತಿ ಕೊಡಬೇಕು. ನ್ಯಾಯವೈದ್ಯ ಶಾಸ್ತ್ರ ಓದಿದವರು ಕರೆದಾಗ ಸಿಗುವಂತಿರಬೇಕು. ೭ ವರ್ಷ ಮತ್ತು ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಬಂದು ಸಾಕ್ಷಿ ಕೂಡಿಸಬೇಕೆಂದು ಹೊಸ ಸಂಹಿತೆ ಹೇಳುತ್ತದೆ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ೫ ವರ್ಷದ ಅವಕಾಶವನ್ನೂ ಕೊಟ್ಟಿದೆ. ಅವಕಾಶವಿದೆಯೆಂದು ಐದು ವರ್ಷವೂ ಕೈಕಟ್ಟಿ ಕೂಡಬೇಕೆಂದಿಲ್ಲ. ಬೆಂಗಳೂರಿನಲ್ಲಿ ಮೊದಲು, ಬೀಳಗಿಯಲ್ಲಿ ಕೊನೆಗೆ ಎಂಬ ಹಳೆಯ ಲೆಕ್ಕ ಇದರಲ್ಲಾದರೂ ಬೇಡ.

ಇದೆಲ್ಲ ಬರುವವರೆಗೆ ನಮ್ಮ ಕೈಯಲ್ಲಿರುವುದು ಒಂದು ಸಹಿ. ಪಂಚನಾಗಲು ಕರೆ ಬಂದರೆ ತಪ್ಪಿಸಿಕೊಂಡು ಓಡಬೇಡಿ. ಹೋಗಿ, ಹತ್ತಿರ ನಿಂತು ನೋಡಿ. ಕೂದಲು ಸುಟ್ಟಿದೆಯೇ, ಮಸಿ ಇದೆಯೇ, ಬೊಬ್ಬೆ ಇದೆಯೇ, ಬೆರಳಿನಲ್ಲಿ ಕಲೆ ಇದೆಯೇ ಎಂದು ಕೇಳಿ. ಕಂಡದ್ದನ್ನು ಬರೆಸಿ. ಬರೆದದ್ದನ್ನು ಓದಿಸಿಕೊಳ್ಳಿ. ಒಪ್ಪಿದರೆ ಮಾತ್ರ ಸಹಿ ಹಾಕಿ.

ನಾನು ಅಂದು ಅಷ್ಟು ಮಾಡಿದ್ದರೆ, ಆ ಮನೆಯ ಮಕ್ಕಳು ಇಂದು ಶಾಲೆ ಬಿಟ್ಟು ಅದೇ ಶೆಡ್ಡಿನಲ್ಲಿ ಕಂಡಿಕೆ ಸುತ್ತುತ್ತಿರಲಿಲ್ಲ.